ಕೋಣೆಗಿಂತ ತಣ್ಣಗಿದ್ದ ಕಾರ್ಡು

"ಕುಂಕುಮ ಇಡ್ಲಾ ಮೇಡಂ? ಇಲ್ಲಾ ಪೊಲೀಸ್ನೋರಿಗೆ ಅದೆಲ್ಲ ಆಗ್ಬರಲ್ವಾ?"

ಭೀಮರಾಜುವಿನ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು ಇತ್ತು. ಅದರ ಅಂಚಿಗೆ ಮೂರು ಬೆರಳಿನ ವಿಭೂತಿ, ನಡುವೆ ಒಣಗಿ ಕಂದಿದ ಒಂದು ಕುಂಕುಮದ ಬೊಟ್ಟು. ಹೊಸ ಕಾರ್ಡಿಗೆ ಪೂಜೆ ಮಾಡದೆ ಅವನು ಯಾವ ಪರೀಕ್ಷೆಯನ್ನೂ ಶುರುಮಾಡಿದವನಲ್ಲ. ಅವನ ಆನ್‌ಲೈನ್ ಗೇಮಿಂಗ್ ಚಾನೆಲ್ ನೋಡುವ ಹುಡುಗರಿಗೆ ಆಟಕ್ಕಿಂತ ಆ ಪೂಜೆಯೇ ಹೆಚ್ಚು ಇಷ್ಟ.

"ಇಡಪ್ಪ," ಎಂದಳು ಸಬ್ ಇನ್ಸ್‌ಪೆಕ್ಟರ್ ವೇದಾವತಿ. "ಮಂಗಳವಾರ ಹೆಂಗೆ ಮಾಡಿದ್ಯೋ ಇವತ್ತೂ ಹಂಗೇ ಮಾಡು. ನಿನ್ನ ಶಾಸ್ತ್ರದಲ್ಲಿ ನಾನು ಕೈ ಹಾಕಲ್ಲ."

ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಚಾವಣಿಯ ಕೆಳಗೆ, 'ಭೀಮ ಗೇಮಿಂಗ್ ಝೋನ್'. ಏಪ್ರಿಲ್ ಮಧ್ಯಾಹ್ನ. ಗೋಡೆಯಲ್ಲಿ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಉಷ್ಣಮಾಪಕವೊಂದು ಮೂವತ್ತೊಂಬತ್ತು ಡಿಗ್ರಿ ತೋರಿಸುತ್ತ ನೇತಾಡುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ನಾಗಲಿಂಗಯ್ಯ ಟೋಪಿ ತೆಗೆದು ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದ. ಹೊಸ್ತಿಲ ಮೇಲೆ ದಾಸಮ್ಮ ಕೂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಠಾಣೆಯಲ್ಲಿ ಜೀಪು ಹತ್ತಿದವಳು ಇಳಿಯಲು ಒಪ್ಪಿರಲಿಲ್ಲ, ಅಷ್ಟೆ.

ಬುಧವಾರ ಬೆಳಿಗ್ಗೆ ಮಧುಗಿರಿ ರಸ್ತೆಯ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ, ಹೊರಗಿನಿಂದ ಚಿಲಕ ಹಾಕಿದ ಬಾಗಿಲಿನ ಹಿಂದೆ, ಕಂಪ್ಯೂಟರ್ ಮೆಕ್ಯಾನಿಕ್ ಲಕ್ಷ್ಮೀಪತಿಯ ಹೆಣ ಸಿಕ್ಕಿತ್ತು. ಆಸ್ತಮಾ ಇದ್ದವನು. ಬಾಯಿಗೆ ಹೊಡೆದುಕೊಳ್ಳುವ ಪಂಪು ಹೊರಗೆ ಬೈಕಿನ ಚೀಲದಲ್ಲಿತ್ತು. ಚಳಿಯಲ್ಲಿಟ್ಟ ಹೆಣ ತಾನು ಸತ್ತ ಹೊತ್ತು ಹೇಳುವುದಿಲ್ಲ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು.

ದಾಸಮ್ಮನ ಗಂಡ ಚಿಕ್ಕನರಸಯ್ಯ ಅಲ್ಲಿನ ಕಾವಲುಗಾರ. ಸಂಜೆ ಬಾಗಿಲಲ್ಲಿ ನಿಂತು "ಒಳಗ್ಯಾರಾದ್ರೂ ಇದೀರೇನ್ರಪ್ಪೋ" ಎಂದು ಕೂಗುವುದು, ಉತ್ತರ ಬಾರದಿದ್ದರೆ ಚಿಲಕ ನೋಡಿಕೊಂಡು ಹೋಗುವುದು ಅವನ ಪದ್ಧತಿ. ಒಳಗೆ ಕಾಲಿಡುತ್ತಿರಲಿಲ್ಲ, ಆ ಚಳಿ ಅವನ ಮೂಳೆಗೆ ಆಗುತ್ತಿರಲಿಲ್ಲ. ಮಂಗಳವಾರವೂ ಕೂಗಿದ್ದ. ಯಾರೂ ಓಗೊಡಲಿಲ್ಲ. ಈಗ ಲಾಕಪ್ಪಿನಲ್ಲಿ ಕೂತು "ನೋಡ್ದೆ ಚಿಲ್ಕ ಆಕ್ದೆ, ನಾನೇ ಕೊಂದ್ಬುಟ್ಟೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ. ಇಷ್ಟು ಸಲೀಸಾದ ಅಪರಾಧಿ ಸಿಕ್ಕಾಗ ಬೇರೊಬ್ಬನನ್ನು ಹುಡುಕುವುದು ಯಾವ ಮೇಲಧಿಕಾರಿಗೂ ಹಿಡಿಸುವ ಮಾತಲ್ಲ. ಸಂಜೆಯೊಳಗೆ ಬೇರೇನಾದರೂ ತಂದರೆ ಸರಿ, ಇಲ್ಲದಿದ್ದರೆ ಮುದುಕನ ಹೇಳಿಕೆಯ ಮೇಲೇ ಕೇಸು ಮುಗಿಯುತ್ತದೆ ಎಂದು ವೇದಾವತಿಗೆ ಹೇಳಿಯಾಗಿತ್ತು.

ಲಕ್ಷ್ಮೀಪತಿ ಮಂಗಳವಾರ ಮನೆಯಿಂದ ಹೊರಟಿದ್ದು "ಭೀಮನ ಟೆಸ್ಟ್ ಐತೆ" ಎಂದು ಹೇಳಿ. ಭೀಮರಾಜು ಮಾತ್ರ, ಅವನು ಬರಲೇ ಇಲ್ಲ ಎಂದ. ಆ ಮಧ್ಯಾಹ್ನವೆಲ್ಲ ಭೀಮರಾಜು ಇದೇ ಅಂಗಡಿಯಲ್ಲಿ ಕೂತು, ಸಾವಿರಾರು ಜನರ ಕಣ್ಣೆದುರು, ಇದೇ ಕಾರ್ಡನ್ನು ಲೈವ್‌ನಲ್ಲಿ ಪರೀಕ್ಷೆ ಮಾಡುತ್ತಿದ್ದ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನಾರಿಗೆ ಸಿಕ್ಕೀತು?

"ಅಜ್ಜೀ," ಎಂದ ಅವನು ಕಾರ್ಡನ್ನು ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಕೂರಿಸುತ್ತ, "ಯಾಕಂಗ್ ಮಖ ಇಳಿಬುಟ್ಕೊಂಡಿದ್ದೀಯ? ನಿನ್ ಗಂಡುಂಗೆ ಜೈಲಲ್ಲಿ ಒತ್ತೊತ್ತಿಗೆ ಮುದ್ದೆ ಆಕ್ತಾರೆ. ಮನೇಲಿ ನೀನ್ ಆಕ್ತಿದ್ಯಾ?"

ದಾಸಮ್ಮ ಅವನ ಮುಖವನ್ನೇ ನೋಡಲಿಲ್ಲ. "ನಮ್ ದಣಿ ಕಳಿಸ್ತಾವ್ರೆ ಊಟಾವ," ಎಂದಳು ವೇದಾವತಿಗೆ. "ಕದಿರಯ್ಯನೋರು. ವಕೀಲ್ರುನೂ ಮಾತಾಡವ್ರೆ. ಅಂಥೋರು ಇರಾಕಿಲ್ಲ ಕಣಮ್ಮ."

ಕದಿರಯ್ಯ ಆ ಕೋಲ್ಡ್ ಸ್ಟೋರೇಜಿನ ಮಾಲೀಕ. ಮಧುಗಿರಿ, ಶಿರಾ, ಪಾವಗಡ, ಮೂರೂ ಕಡೆ ಅವನಿಗೆ ಅಂಥ ತಣ್ಣನೆಯ ಕಟ್ಟಡಗಳಿದ್ದವು. ಆಳಿನ ಮೇಲೆ ಕೇಸಾದರೆ ಆಳನ್ನೇ ಮರೆಯುವ ಮಾಲೀಕರನ್ನು ವೇದಾವತಿ ಬೇಕಾದಷ್ಟು ಕಂಡಿದ್ದಳು. ಇವನು ಹಾಗಲ್ಲ ಎಂದು ಅವಳಿಗೂ ಅನ್ನಿಸಿತ್ತು.

"ಶುರು ಮಾಡು," ಎಂದಳು.

ಪರದೆ ಬೆಳಗಿತು. ಸುಟ್ಟು ಕರಕಲಾದ ಯಾವುದೋ ನಗರ, ಬಂದೂಕು ಹಿಡಿದ ಒಂದು ಕೈ. ಮೇಲಿನ ಮೂಲೆಯಲ್ಲಿ ಎರಡು ಹಸಿರು ಅಂಕಿಗಳು ಮಿಣುಕಿದವು.

"ಮೊದಲು ಇದನ್ನ ಹೇಳು. ಆ ಅಂಕಿ ಏನು?"

ಭೀಮರಾಜು ನಾಗಲಿಂಗಯ್ಯನ ಕಡೆ ನೋಡಿ ನಕ್ಕ. ಚಾನೆಲ್‌ನಲ್ಲಿ ಮಾತಾಡುವ ದನಿ ತಾನಾಗಿ ಗಂಟಲಿಗೆ ಬಂತು. "ಮೇಲ್ಗಡೆದು ಫ್ರೇಮ್ಸ್ ಮೇಡಂ. ಒಂದ್ ಸೆಕೆಂಡಿಗೆ ಕಾರ್ಡು ಎಷ್ಟ್ ಚಿತ್ರ ತೆಗ್ದು ಸ್ಕ್ರೀನಿಗೆ ಎಸೀತೈತೆ ಅಂತ. ಜಾಸ್ತಿ ಇದ್ದಷ್ಟೂ ಆಟ ಬೆಣ್ಣೆ ತರ. ಕೆಳಗಡೆದು ಕಾರ್ಡಿನ ಬಿಸಿ. ಬಿಸಿ ಏರುದ್ರೆ ಕಾರ್ಡು ತಾನೇ ಸ್ಪೀಡ್ ಇಳಿಸ್ಕೊಳ್ತೈತೆ, ಸುಟ್ಟೋಗ್ಬಾರ್ದಲ್ಲ. ಆಗ ಫ್ರೇಮ್ಸ್ ಬೀಳ್ತವೆ. ಗೊತ್ತಾಯ್ತಾ? ನಿಧಾನಕ್ಕೇ ಹೇಳ್ತಿದ್ದೀನಿ."

"ನಮ್ಮ ಜೀಪಿನ ರೇಡಿಯೇಟರೂ ಹಿಂಗೇ ಕಣ್ಲಾ," ಎಂದ ನಾಗಲಿಂಗಯ್ಯ. "ಪಾವಗಡ ರೋಡಲ್ಲಿ ಬಿಸಿಲಿಗೆ ಕೂತ್ಬುಡ್ತದೆ."

"ಜೀಪಿಗೂ ಇದುಕ್ಕೂ ಓಲಿಸ್ಬೇಡಿ ಸಾರ್, ಕಾರ್ಡಿಗೆ ಅವಮಾನ."

"ಮಂಗಳವಾರ ಇದೇ ಕಾರ್ಡಾ?" ವೇದಾವತಿ ಕೇಳಿದಳು.

"ಬೊಟ್ಟು ನೋಡಿ ಮೇಡಂ. ಇದೇ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಇದ್ರಲ್ಲಿ ನಾನ್ ಮಾಡಿರೋ ಸ್ಕೋರು ಬೆಂಗ್ಳೂರಲ್ಲಿ ಹೊಸಾದ್ ಇಟ್ಕೊಂಡಿರೋರೂ ಮಾಡಿಲ್ಲ."

"ಇದೇ ಆಟ?"

"ಇದೇ. ಸೆಟ್ಟಿಂಗೂ ಇದೇ."

"ಇದೇ ರೂಮು?"

"ಇನ್ನೆಲ್ಲಿ ಮೇಡಂ? ನಮ್ಮಪ್ಪ ಅರಮನೆ ಕಟ್ಸವ್ನಾ?"

"ಎಸಿ ಗಿಸಿ ಏನಾದ್ರೂ ತಂದಿಟ್ಟಿದ್ಯಾ ಅವತ್ತು?"

ಅವನು ಜೋರಾಗಿ ನಕ್ಕ. "ಎಸಿನಾ? ಈ ಫ್ಯಾನಿಗೇ ಕರೆಂಟ್ ಬರಲ್ಲ ಬುಡಿ."

ವೇದಾವತಿ ತಲೆಯಾಡಿಸಿದಳು. ಗರ್ವಿಷ್ಠನಿಗೆ ಪ್ರಶ್ನೆ ಕೇಳುವುದರಲ್ಲಿ ಒಂದು ಸುಖವಿದೆ: ಗುಂಡಿಯನ್ನು ಅವನೇ ತೋಡಿಕೊಡುತ್ತಾನೆ, ಅಳತೆಯನ್ನೂ ಅವನೇ ಹೇಳುತ್ತಾನೆ.

ಆಟ ನಡೆಯಿತು. ಕ್ಯಾಬಿನೆಟ್ಟಿನ ಫ್ಯಾನುಗಳು ಮೊದಲು ಗೊಣಗಿ, ಆಮೇಲೆ ಕೂಗತೊಡಗಿದವು. ಕೆಳಗಿನ ಅಂಕಿ ಐವತ್ತು ದಾಟಿತು. ಅರವತ್ತೈದು. ಎಪ್ಪತ್ತೆಂಟು. ಎಂಬತ್ತಮೂರಕ್ಕೆ ಹೋಗಿ ಕೂತಿತು. ಅಲ್ಲಿಯವರೆಗೆ ನೂರೈವತ್ತರ ಸುತ್ತ ಕುಣಿಯುತ್ತಿದ್ದ ಮೇಲಿನ ಅಂಕಿ ನೂರಿಪ್ಪತ್ತಕ್ಕೆ ಜಾರಿತು, ಅಲ್ಲಿಂದ ನೂರಕ್ಕೆ. ಪರದೆಯ ಮೇಲಿನ ಬಂದೂಕು ಕುಂಟುತ್ತ ಓಡತೊಡಗಿತು.

ಭೀಮರಾಜು ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ.

"ಅವತ್ತು ಕ್ಯಾಬಿನೆಟ್ ಮೇಲೆ ಒದ್ದೆ ಗೋಣಿಚೀಲ ಆಕಿದ್ದೆ ಮೇಡಂ. ಮರ್ತೋಗಿತ್ತು."

"ಹಾಕೋಣಂತೆ."

ನಾಗಲಿಂಗಯ್ಯ ಪಕ್ಕದ ಕಿರಾಣಿ ಅಂಗಡಿಯಿಂದ ಚೀಲ ತಂದು, ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮಗುವಿಗೆ ಕಂಬಳಿ ಹೊದಿಸುವವನಂತೆ ಹೊದಿಸಿದ. ಎಂಬತ್ತಮೂರು ಎಂಬತ್ತೊಂದಾಯಿತು. ಮತ್ತೆ ಎಂಬತ್ತಮೂರಾಯಿತು.

"ಟೇಬಲ್ ಫ್ಯಾನೂ ಇತ್ತು."

ಟೇಬಲ್ ಫ್ಯಾನು ಬಂತು. ಎಪ್ಪತ್ತೊಂಬತ್ತು.

"ಇನ್ನೇನಾದ್ರೂ ಮರೆತಿದ್ಯಾ? ಐಸ್ ಕ್ಯಾಂಡಿ ಗಾಡಿ?" ಎಂದ ನಾಗಲಿಂಗಯ್ಯ.

ವೇದಾವತಿ ತನ್ನ ಮೊಬೈಲಿನಲ್ಲಿ ಮಂಗಳವಾರದ ಲೈವ್ ತೆರೆದು ಅವನ ಕಣ್ಣಿನ ಮುಂದೆ ಹಿಡಿದಳು. ಭೀಮರಾಜು ನಗುತ್ತಿದ್ದ. ಬೆನ್ನ ಹಿಂದೆ ಅಂಗಡಿಯ ಹೆಸರು ಬರೆದ ಹಸಿರು ಬಟ್ಟೆಯ ಪರದೆ. ಮೇಲಿನ ಅಂಕಿ ನೂರೈವತ್ತರಿಂದ ಅಲುಗಿರಲಿಲ್ಲ. ನೋಡುವವರು ಚಪ್ಪಾಳೆ, ಬೆಂಕಿ, ಹೃದಯ ಎಲ್ಲವನ್ನೂ ಸುರಿಸುತ್ತಿದ್ದರು.

"ಕೆಳಗಿನ ಅಂಕಿ ಓದು."

ಅವನು ಟೇಬಲ್ ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ದಾಸಮ್ಮ, ನಿಂಗೆ ಅಂಕಿ ಬರುತ್ತಾ?"

"ದುಡ್ಡಿಂದು ಬತ್ತದೆ ಕಣಮ್ಮ."

"ಹಂಗಾದ್ರೆ ಸಾಕು. ಇದೆಷ್ಟು?"

ದಾಸಮ್ಮ ಹೊಸ್ತಿಲಿಂದೆದ್ದು ಬಂದು, ಬೆರಳಿಟ್ಟು ನೋಡಿದಳು. "ಮೂವತ್ತೈದು."

"ಆ ಗೋಡೆ ಮೇಲಿರೋದು?"

"ಮೂವತ್ತೊಂಬತ್ತು."

"ಭೀಮರಾಜು," ಎಂದಳು ವೇದಾವತಿ. "ಮಂಗಳವಾರ ಇದಕ್ಕಿಂತ ಬಿಸಿಲು. ಏನೂ ಕೆಲಸ ಮಾಡದೆ ಸುಮ್ನೆ ನಿಂತಿರೋ ಈ ಗೋಡೆನೇ ಮೂವತ್ತೊಂಬತ್ತಿದೆ. ಮೈಮುರಿದು ದುಡಿಯೋ ಕಾರ್ಡು, ತಾನು ಕೂತಿರೋ ಕೋಣೆಗಿಂತ ತಣ್ಣಗಿರೋದು ಹೆಂಗಪ್ಪಾ? ನೀನು ನಿಧಾನಕ್ಕೇ ಹೇಳು, ನಂಗೆ ಅರ್ಥ ಆಗ್ಬೇಕಲ್ಲ."

ಪರದೆಯ ಮೇಲೆ ಅವನ ಸಿಪಾಯಿಯನ್ನು ಯಾರೋ ಕೊಂದರು.

"ಆ ಹಸಿರು ಪರದೆನ ಮಡಚಿ ಎಲ್ಲಿಗೆ ಬೇಕಾದ್ರೂ ಒಯ್ಯಬಹುದು. ಸುತ್ತ ಹತ್ತೂರಲ್ಲಿ ಏಪ್ರಿಲ್ ತಿಂಗಳಲ್ಲಿ ಚಳಿ ಇರೋ ಜಾಗ ಒಂದೇ. ಅಲ್ಲಿ ಹುಣಸೆಹಣ್ಣು ಇಡ್ತಾರೆ."

"ರೆಕಾರ್ಡ್ ಮುರೀಬೇಕಿತ್ತು ಮೇಡಂ," ಎಂದ ಅವನು ಕೊನೆಗೆ. ಚಾನೆಲ್ಲಿನ ದನಿ ಹೋಗಿ ಊರಿನ ದನಿ ಬಂದಿತ್ತು. "ಅಷ್ಟೇ. ಮುಂದ್ಗಡೆ ಆಫೀಸ್ ರೂಮಲ್ಲಿ ನಾನ್ ಕೂತಿದ್ದೆ. ಕ್ಯಾಬಿನೆಟ್ ಮಾತ್ರ ಒಳಗಡೆ, ಚಳಿ ರೂಮಲ್ಲಿ. ಪೈಪ್ ಓಗೋ ತೂತಲ್ಲಿ ವೈರ್ ಎಳ್ಕೊಂಡಿದ್ದೆ."

"ಕ್ಯಾಬಿನೆಟ್ಟನ್ನ ಆ ಚಳಿ ರೂಮಲ್ಲಿ ಇಟ್ಟಿದ್ದು ಯಾರು?"

ಭೀಮರಾಜು ಮೌಸಿನ ವೈರನ್ನು ಬೆರಳಿಗೆ ಸುತ್ತಿಕೊಂಡ.

"ಲಕ್ಷ್ಮೀಪತಿ," ಎಂದು ಅವಳೇ ಹೇಳಿದಳು. "ನಿನ್ನ ಸ್ಕೋರೆಲ್ಲ ಸುಳ್ಳು ಅಂತ ಊರಿಗೆಲ್ಲ ಹೇಳ್ತಿದ್ದವನು. ಕರೆಸಿ, 'ಬಾ, ನೀನೇ ಜೋಡಿಸು, ನೀನೇ ನೋಡು' ಅಂದೆ."

"ಅವ್ನೇ ಬತ್ತೀನಂದ. ಆ ಸ್ಟೋರೇಜಿನ ಕಂಪ್ಯೂಟರ್ ರಿಪೇರಿನೂ ಅವ್ನೇ ಮಾಡ್ತಿದ್ದ, ಜಾಗ ಗೊತ್ತಿತ್ತು. ಅದ್ರಾಗಿರೋ ಕಳ್ಳ ಲೆಕ್ಕಾನೂ ಗೊತ್ತಿತ್ತು."

"ಬೀಗದ ಕೈ ಕೊಟ್ಟವರು ಯಾರು?" ಎಂದಳು ವೇದಾವತಿ.

"ನನ್ ಗಂಡ ಅಲ್ಲ ಕಣಮ್ಮ!" ದಾಸಮ್ಮ ನಡುವೆ ಕೂಗಿದಳು. "ಮದ್ಯಾನ್ದಾಗ ದಣಿ ಅವ್ನುನ್ನ ಮಡಕಶಿರಾಕ್ಕೆ ಕಳ್ಸಿದ್ರು, ಸಾಮಾನ್ ತರಾಕೆ!"

ಆ ಹೊತ್ತಿಗೇ ವೇದಾವತಿಯ ಫೋನು ಬಡಿದುಕೊಂಡಿತು. ಠಾಣೆಯ ಬರಹಗಾರ. ಸ್ಪೀಕರಿಗೆ ಹಾಕಬೇಕಾಗಿರಲಿಲ್ಲ, ಅವನ ಗಂಟಲೇ ಹಾಗೆ.

"ಮೇಡಂ, ಚಿಕ್ಕನರಸಯ್ಯಂಗೆ ಜಾಮೀನಾಯ್ತು. ಕದಿರಯ್ಯನೋರೇ ಬಂದು ಜಾಮೀನು ನಿಂತ್ರು. ಅವ್ರ ಕಾರಲ್ಲೇ ಕೂರಿಸ್ಕೊಂಡ್ ಓದ್ರು, ಮನೆ ತಾವ ಬುಡ್ತೀನಿ ಅಂತ."

ದಾಸಮ್ಮ ನಗುತ್ತ, ಅಳುತ್ತ, ಮಧುಗಿರಿ ಅತ್ತ ಎಂದುಕೊಂಡ ಕಡೆಗೆ ಕೈ ಮುಗಿದಳು. ದಿಕ್ಕು ತಪ್ಪಾಗಿತ್ತು, ಯಾರೂ ತಿದ್ದಲಿಲ್ಲ. "ಬಂದ್ಬುಟ್ಟ ಕಣಮ್ಮ! ನಮ್ ದಣಿ ದ್ಯಾವ್ರು! ಕಾರಾಗೆ ಕುಂಡ್ರಿಸ್ಕೊಂಡವ್ರಂತೆ! ಅವ್ನು ಉಟ್ಟಿದ್ಮ್ಯಾಕೆ ಕಾರೇ ಅತ್ತಿಲ್ಲ ಕಣಮ್ಮ!"

ನಾಗಲಿಂಗಯ್ಯನೂ ನಕ್ಕ. ನಗದಿದ್ದವರು ಇಬ್ಬರು.

ಭೀಮರಾಜುವಿನ ಮುಖ ಗೋಡೆಯ ಸುಣ್ಣದಂತಾಗಿತ್ತು. ಸಿಕ್ಕಿಬಿದ್ದಾಗಲೂ ಆಗದಿದ್ದ ಬಣ್ಣ ಅದು. ವೇದಾವತಿ ಅದನ್ನು ನೋಡಿದಳು.

"ಮಂಗಳವಾರದ ಪೂರ್ತಿ ರೆಕಾರ್ಡಿಂಗ್ ನಿನ್ನ ಹತ್ರ ಇದೆಯಲ್ಲ?"

"ಡಿಲೀಟ್ ಆಯ್ತು ಮೇಡಂ."

"ಬೆಂಗಳೂರಿನೋರನ್ನ ಸೋಲಿಸಿದ ಆಟ ನೀನು ಅಳಿಸ್ತೀಯಾ? ನಿಮ್ಮಮ್ಮನ ಫೋಟೊ ಅಳಿಸ್ತೀಯ, ಅದನ್ನ ಅಳಿಸಲ್ಲ. ತೆಗಿ."

ಅವನು ತೆಗೆದ. ಗುಂಡಿನ ಸದ್ದು ಕೋಣೆ ತುಂಬಿತು. ಚಿತ್ರದ ಕೆಳಗೆ ಎರಡು ಉದ್ದ ಗೆರೆಗಳು ಏರುತ್ತ ಇಳಿಯುತ್ತ ಇದ್ದವು. ಒಂದರ ಮೇಲೆ ಆಟ ಎಂದೂ ಇನ್ನೊಂದರ ಮೇಲೆ ಮೈಕ್ ಎಂದೂ ಬರೆದಿತ್ತು.

"ಇವೆರಡು ಏನು?"

ಅವನು ಅದನ್ನು ಮುಚ್ಚಲು ಹೋದ. ವೇದಾವತಿ ಅವನ ಕೈಯಿಂದ ಮೌಸನ್ನು ಕಿತ್ತುಕೊಂಡು, ಆಟದ ಗೆರೆಯ ಗುಂಡಿಯನ್ನು ಕೆಳಕ್ಕೆ ಎಳೆದಳು.

ಬಂದೂಕುಗಳು ಮೂಕವಾದವು. ಉಳಿದದ್ದು ಭೀಮರಾಜುವಿನ ಉಸಿರು, ಕೀಬೋರ್ಡಿನ ಕೀಲಿಗಳ ಟಕಟಕ, ಮತ್ತು ದೂರದಿಂದ, ದಪ್ಪ ಬಾಗಿಲೊಂದರ ಹಿಂದಿನಿಂದ, ಅಂಗೈಯ ಪೆಟ್ಟು. ಬಡಿತ. ಸ್ವಲ್ಪ ಬಿಡುವು. ಮತ್ತೆ ಬಡಿತ. ಯಾರೋ ಉಸಿರನ್ನು ಕೂಡಿಹಾಕಿಕೊಂಡು ಬಡಿಯುತ್ತಿದ್ದರು.

ನೋಡುವವರಲ್ಲಿ ಯಾರೋ ಕೇಳಿದ್ದರು, ಅದೇನಣ್ಣ ಸದ್ದು ಎಂದು. ಪರದೆಯ ಭೀಮರಾಜು ಕಣ್ಣು ಕದಲಿಸದೆ ನಕ್ಕು ಹೇಳಿದ: "ಪಕ್ಕದ್ಮನೇಲಿ ಕಾರ ಕುಟ್ತಾವ್ರೆ ಕಣ್ರೋ. ರಾತ್ರಿಕೆ ಕೋಳಿ ಸಾರು."

ನೋಡುವವರು ನಗುವ ಮುಖಗಳನ್ನು ಸುರಿಸಿದ್ದರು. ತುಂಬಾ ಸುರಿಸಿದ್ದರು.

ವೇದಾವತಿ ನಿಲ್ಲಿಸಿದಳು.

"ಕೇಳಿಸ್ತಾ ಇತ್ತು ನಿಂಗೆ."

"ನಾಟ್ಕ ಮಾಡ್ತಾವ್ನೆ ಅನ್ಕೊಂಡೆ ಮೇಡಂ."

"ಎದ್ದು ಒಂದು ಚಿಲಕ ತೆಗೆಯೋದು ಎಷ್ಟು ಕಷ್ಟ?"

ಭೀಮರಾಜು ಇದ್ದ ಉತ್ತರಗಳಲ್ಲಿ ನಿಜವಾದದ್ದನ್ನೇ ಆರಿಸಿದ. "ಬಾಗ್ಲು ತಗುದ್ರೆ ತಂಡಿಯೆಲ್ಲಾ ಆಚೆ ಓಗ್ಬುಡ್ತಿತ್ತು. ಬಿಸಿ ಏರ್ತಿತ್ತು. ಫ್ರೇಮ್ಸ್ ಬೀಳ್ತಿತ್ತು."

ದಾಸಮ್ಮ ಮುಗಿದ ಕೈಗಳನ್ನೇ ಬಾಯಿಗೆ ಒತ್ತಿಕೊಂಡಳು. ನಾಗಲಿಂಗಯ್ಯ ಟೋಪಿ ಬೀಸುವುದನ್ನು ನಿಲ್ಲಿಸಿದ್ದ.

"ಟೆಸ್ಟ್ ಮುಗಿದ ಮೇಲೆ?"

"ಕ್ಯಾಬಿನೆಟ್ ತರಾಕೆ ಒಳಗೋದೆ."

"ಅವನು?"

"ಬಾಗ್ಲತ್ರನೇ ಬಿದ್ದಿದ್ದ." ಅವನ ದನಿ ಸಣ್ಣಗಾಯಿತು. "ದಾಟ್ಕೊಂಡ್ ಬಂದೆ. ಆದ್ರೆ ಚಿಲ್ಕ ಆಕಿದ್ದು ನಾನಲ್ಲ ಮೇಡಂ. ದೇವ್ರಾಣೆ ನಾನಲ್ಲ. ಅವ್ನು ಒಳಗೋದ್ಮೇಲೆ ಆಕಿದ್ದು... ನಾನ್ ಏಳಕ್ಕಾಗಲ್ಲ. ನನ್ನೂ ಅದ್ರೊಳೀಕೇ ಆಕ್ತಾರೆ."

ವೇದಾವತಿ ಅವನನ್ನು ಕೇಳುವುದನ್ನು ಬಿಟ್ಟು ವಿಡಿಯೊವನ್ನು ಮತ್ತೆ ಓಡಿಸಿದಳು. ಬಡಿತ ಮೆತ್ತಗಾಗುತ್ತ ಬಂತು. ಅಂಗೈ ಹೋಗಿ ಬೆರಳಾಯಿತು, ಬೆರಳು ಹೋಗಿ ಉಗುರಾಯಿತು. ಆಮೇಲೆ ಕೀಲಿಗಳ ಟಕಟಕ ಮಾತ್ರ. ಪರದೆಯ ಮೇಲಿನ ಭೀಮರಾಜು ಆಟ ಬಿಟ್ಟು ಪಕ್ಕಕ್ಕೆ ನೋಡಿದ, ಅಲ್ಲಿ ಇನ್ನೊಂದು ಕುರ್ಚಿ ಇದ್ದಂತೆ.

ಒಂದು ದನಿ ಬಂತು. ವಯಸ್ಸಾದ, ಸಾವಧಾನದ ದನಿ. ಮಗುವಿಗೆ ತಟ್ಟೆಯಲ್ಲಿ ಅನ್ನ ಕಲಸಿಕೊಡುವವರ ದನಿ.

"ಆಗಿಪೋಯಿಂದಿ. ಇಂಕ ಆಡ್ಕೋ ನಾಯ್ನಾ."

ಬಡಿತ ನಿಂತಿತಂತೆ. ಇನ್ನು ಆಡಿಕೊಳ್ಳಬಹುದಂತೆ.

ದಾಸಮ್ಮನ ಕೈಗಳು ಮುಗಿದ ಹಾಗೇ ಇದ್ದವು, ಬಿಡಿಸಿಕೊಳ್ಳಲು ಮರೆತಂತೆ. ಪಾವಗಡದ ಆಚೆಯ ಆ ತೆಲುಗನ್ನು ಅವಳು ಇಪ್ಪತ್ತು ವರ್ಷದಿಂದ ಬೆಳಗೂ ಬೈಗೂ ಕೇಳಿದ್ದಳು. ಹಬ್ಬಕ್ಕೆ ಸೀರೆ ಕೊಡುವಾಗ ಕೇಳಿದ್ದಳು. ಈ ಮೂರು ದಿನ ಊಟದ ಕ್ಯಾರಿಯರ್ ಕೊಡುವಾಗಲೂ ಕೇಳಿದ್ದಳು.

"ದಣಿ," ಎಂದಳು.

"ಫೋನ್ ಮಾಡು," ಎಂದಳು ವೇದಾವತಿ. "ನಿನ್ನ ಗಂಡನಿಗೆ. ಈಗಲೇ. ನಾಗಲಿಂಗಯ್ಯ, ಜೀಪ್ ತೆಗಿ!"

ದಾಸಮ್ಮನ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಗಂಟೆ ಹೋಯಿತು. ಹೋಗುತ್ತಲೇ ಇತ್ತು. ಕಡೆಗೆ ಆ ಕಡೆ ಎತ್ತಿದರು. ಎತ್ತಿದವನು ಅವಳ ಗಂಡನಲ್ಲ.

"ಚೆಪ್ಪಮ್ಮಾ, ಏನ್ ಸಮಾಚಾರ ದಾಸಮ್ಮಾ," ಎಂದಿತು ಅದೇ ಸಾವಧಾನದ ದನಿ. "ನಿನ್ ಗಂಡ ನನ್ ತಾವನೇ ಅವ್ನೆ, ಗಾಬ್ರಿ ಬೇಡ. ಲಾಕಪ್ಪಲ್ಲಿ ಸೆಕೆ, ಬಲೇ ಸೆಕೆ ಅಂತಿದ್ದ ಪಾಪ. ತಣ್ಣಗಿರೋ ಜಾಗ್ದಾಗೆ ಕುಂಡ್ರಿಸಿದೀನಿ."